ಕೆಂಪು ಬೊಟ್ಟಿನ ಗ್ಲಾಸುಗಳು

ಒಂದೂರು. ಆ ಊರಿನಲ್ಲೊಬ್ಬ ಸಾಹುಕಾರ. ಕೆಟ್ಟವನಲ್ಲ, ನೋಡಿ. ಪ್ರವಚನ ತಪ್ಪಿಸುತ್ತಿರಲಿಲ್ಲ. ನಿಮ್ಮ ಹಾಗೆ ಮುಂದಿನ ಸಾಲಿನಲ್ಲೇ ಕೂತು ತಲೆದೂಗುತ್ತಿದ್ದ. ಕೈ ಮಾತ್ರ ಬಿಗಿ.

ಮಗಳ ನಿಶ್ಚಯಕ್ಕೆ ಬೀಗರು ಬರುವವರಿದ್ದರು. ಪಡಸಾಲೆಗೊಂದು ತೂಗುದೀಪ ಬೇಕು ಎಂದಳು ಹೆಂಡತಿ. ಅಂಗಡಿಯಲ್ಲಿ ಬೆಲೆ ಕೇಳಿ ಇವನು ಬರಿಗೈಯಲ್ಲಿ ಬಂದ. ಮೊಬೈಲಿನಲ್ಲಿ ಒಂದು ಉಪಾಯ ಸಿಕ್ಕಿತು. ಹಳೆಯ ಗಾಜಿನ ಗ್ಲಾಸಿನ ತಳಕ್ಕೆ ತೂತು ಕೊರೆದು, ವೈರು ಪೋಣಿಸಿ, ಒಳಗೊಂದು ಪುಟ್ಟ ಬಲ್ಬು ಹಾಕಿ, ಹಲಗೆಯೊಂದಕ್ಕೆ ಸಾಲಾಗಿ ಬೋರಲು ತೂಗುಬಿಟ್ಟರೆ ಆಯಿತು.

ಗ್ಲಾಸು ಎಲ್ಲಿಂದ? ಶೋಕೇಸಿನವನ್ನು ಹೆಂಡತಿ ಮುಟ್ಟಗೊಡುವವಳಲ್ಲ. ಹಿತ್ತಲ ಕಟ್ಟೆಯ ಮೇಲೆ ಕೆಲವು ಗ್ಲಾಸು ಬೋರಲಾಗಿ ಇದ್ದವು, ಎಲ್ಲಕ್ಕೂ ಹೊರಮೈಯಲ್ಲಿ ಒಂದೊಂದು ಕೆಂಪು ಬೊಟ್ಟು. ಇವು ಹೊರಗೇಕಿವೆ ಎಂದು ಕೇಳಿದನೇ? ಕೇಳಲಿಲ್ಲ. ಹಿತ್ತಲಲ್ಲಿ ಏನು ನಡೆಯುತ್ತದೆ ಎಂದು ನಿಮ್ಮಲ್ಲಿ ಎಷ್ಟು ಜನ ಗಂಡಸರು ಕೇಳಿದ್ದೀರಿ? ಸಾಹುಕಾರ ಅವನ್ನು ನೀರಲ್ಲಿಟ್ಟು ಮೆಲ್ಲಗೆ ಕೊರೆದ, ಒಂದೂ ಸೀಳಲಿಲ್ಲ. ಹೆಂಡತಿ ನೋಡಿದಳು, ಗುರುತು ಹಿಡಿದಳು, ಸುಮ್ಮನಾದಳು. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು.

ಬೀಗರು ಬಂದರು. ದೀಪ ಹತ್ತಿತು. ಹಿರಿಯ ಬೀಗರು ಕತ್ತೆತ್ತಿ ನೋಡಿದರು.

"ಸಾಹುಕಾರ್ರ, ಭಾಳ ಚಲೋ ಮಾಡೀರಿ. ಈ ಕೆಂಪು ಬೊಟ್ಟು ಯಾಕ ಇಟ್ಟೀರಿ? ದೃಷ್ಟಿ ಆಗಬಾರ್ದಂತೇನು?"

ಸಾಹುಕಾರ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಮುಸುರೆ ತಿಕ್ಕುವ ಹೆಣ್ಣುಮಗಳು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ ಎಂದು, ಪಾಪ, ಅವಳೇ ಹೇಳಿದಳು.

"ಅದು ಉಗುರಿನ ಬಣ್ಣರೀ, ಯಜಮಾನ್ರ. ನಾವು ಕೆಲಸದವ್ರು ಚಾ ಕುಡಿಯೋ ಗ್ಲಾಸು ಅವು. ಒಳಗಿನ ಗ್ಲಾಸಿನಾಗ ಕೂಡಬಾರ್ದಂತ ಅಕ್ಕಾರು ಗುರ್ತು ಮಾಡ್ಯಾರ."

ಸಾಹುಕಾರ ದೀಪದತ್ತ ಕೈ ಚಾಚಿದ. "ಇಳಿಸಿ ಕೊಡ್ತೀನವ್ವ. ನಿಮ್ಮ ಗ್ಲಾಸು ನಿಮಗ."

"ತಳಾನ ಕೊರದೀರಲ್ರಿ, ಚಾ ನಿಲ್ತದೇನು? ಗ್ಲಾಸು ಹೋದಾಗಿಂದ ನಮಗ ಈ ಮನಿಯಾಗ ಚಾನೂ ಇಲ್ರಿ."

ಕೇಳಿದಿರಾ? ಶೋಕೇಸಿನ ತುಂಬ ಗ್ಲಾಸು ಇದ್ದವು. ಒಳಗಿನ ಗ್ಲಾಸಿನಲ್ಲಿ ಕೊಡುವುದು ಹೇಗೆ ಎಂದು ಮನೆಯೊಡತಿ, ಆ ಮಹಾತಾಯಿ, ಚಹಾ ಕೊಡುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ತಾನೇ ಮಾಡಿದ ದೀಪದ ಕೆಳಗೆ ಸಾಹುಕಾರ ತಲೆ ತಗ್ಗಿಸಿ ನಿಂತ. ಬೀಗರು ಎದ್ದು ಹೋದರೇ? ಇಲ್ಲ. ಕೂತಲ್ಲೇ ಕೂತರು. ಅವರ ಮನೆಗೂ ಒಂದು ಹಿತ್ತಲ ಕಟ್ಟೆ ಇತ್ತು.

ನಿಮ್ಮ ಮನೆಯ ಕೆಲಸದಾಕೆಯನ್ನೇ ನೆನೆಯಿರಿ. ಅವಳು ತಿಕ್ಕಿಟ್ಟ ತಟ್ಟೆಯಲ್ಲಿ ಉಣ್ಣುತ್ತೀರಿ. ಅವಳು ತೊಳೆದ ಲೋಟದಲ್ಲಿ ದೇವರಿಗೆ ಹಾಲು ಇಡುತ್ತೀರಿ. ಅವಳ ತುಟಿ ತಾಗಿದರೆ ಮಾತ್ರ ಲೋಟ ಕೆಡುತ್ತದೆಯೇ? ಇದು ಮಡಿಯಲ್ಲ ತಾಯಂದಿರೇ, ಸೊಕ್ಕು.

ಊರಿನ ಮಾತು ಬಿಡಿ. ಈಗ ಒಳಗೆ ಬರುವಾಗ ಈ ಮಠದ ನಲ್ಲಿಯ ಹತ್ತಿರ ಒಂದು ಲೋಟ ನೋಡಿದೆ. ಕಂಠಕ್ಕೆ ದಾರ ಸುತ್ತಿದ್ದೀರಿ. ಯಾರಿಗೆ ಎಂದು ಕೇಳಿದೆ. ಅಂಗಳ ಗುಡಿಸುವ ಹೆಣ್ಣುಮಗಳಿಗೆ ಎಂದರು. ಆಗಿನಿಂದ ಈ ಪೀಠದ ಮೇಲೆ ಕೂರಲು ನನಗೆ ನಾಚಿಕೆಯಾಗುತ್ತಿದೆ.

ನಾಳೆ ಬೆಳಿಗ್ಗೆ ಕೆಲಸದಾಕೆ ಬಂದಾಗ ನೀವು ಕುಡಿಯುವ ಲೋಟದಲ್ಲೇ ಅವಳಿಗೆ ಚಹಾ ಕೊಡಿ. ಕೆಳಗೆ ಕೂರಿಸಬೇಡಿ, ನಿಮ್ಮ ಪಕ್ಕ ಕೂರಿಸಿ. ಅವಳು ಹಿಂಜರಿಯುತ್ತಾಳೆ. ಹಿಂಜರಿಯುವುದನ್ನು ಕಲಿಸಿದವರು ನೀವೇ. ಆ ಲೋಟ ತೊಳೆದು ಒಳಗಿನ ಲೋಟಗಳ ಜೊತೆಗೇ ಇಡಿ, ಮರುದಿನ ಅದರಲ್ಲಿ ನೀವು ಕುಡಿಯಿರಿ.

ಅದು ನಾಳೆಯದು, ಇವತ್ತೇ ಮಾಡುವುದು ಒಂದಿದೆ. ಪ್ರವಚನ ಮುಗಿದ ಮೇಲೆ ನನಗೆ ಬೆಳ್ಳಿ ಲೋಟದಲ್ಲಿ ಹಾಲು ತರುತ್ತೀರಲ್ಲ, ಅದನ್ನು ಅಂಗಳ ಗುಡಿಸಿದ ಆ ತಾಯಿಗೆ ಕೊಡಿ. ದಾರ ಸುತ್ತಿದ ಲೋಟ ನನಗೆ ತನ್ನಿ. ತರುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ.