ಪಕ್ಕದ ಸೀಟು

ಗ್ಯಾರೇಜಿನ ಬೆಂಚಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಅವರ ಹಳೇ ವಿದೇಶಿ ಕಾರಿನ ಸ್ಟೀರಿಂಗನ್ನು ಎಡದಿಂದ ಬಲಕ್ಕೆ ಬದಲಿಸಿ ಮುಗಿದಿತ್ತು.

"ಇನ್ಮೇಲೆ ಮುಂದಿರೋ ಲಾರೀನ ಹಿಂದೆ ಹಾಕೋಕೆ ನಿನ್ನ ಕೇಳೋ ಕರ್ಮ ಇಲ್ಲ."

"ಎಡಗಡೆ ಕೂತ ನಿಮಗೆ ಎದುರಿಂದ ಬರೋದು ಕಾಣ್ತಿರ್ಲಿಲ್ಲ. ಇಪ್ಪತ್ತು ವರ್ಷ ನಾನೇ ನೋಡಿ ಹೇಳಿದ್ದು."

"ಕೊನೇ ಸಲ ನೀನು ಹೇಳಿದ್ದಕ್ಕೇ ಆಕ್ಸಿಡೆಂಟಾಗಿ, ಕಾರಲ್ಲಿದ್ದ ನನ್ನ ತಮ್ಮ ಕಾಲು ಕಳ್ಕೊಂಡ."

"ನಾನು ಬೇಡ ಅಂದೆ, ನೀವು ನುಗ್ಗಿಸಿದ್ರಿ. ಆಮೇಲೆ ನಾನೇ 'ಹೋಗಿ' ಅಂದೆ ಅಂತ ಊರಿಗೆಲ್ಲ ಡಂಗುರ ಸಾರಿದ್ರಿ."

"ಆಗ್ಲೇ ಬಾಯಿ ಬಿಡ್ಬೇಕಿತ್ತು."

"ನಿಮ್ಮ ಮಾನ ಹೋಗ್ಬಾರ್ದು ಅಂತ ಮುಚ್ಕೊಂಡಿದ್ದೆ."

"ಹಳೇದೆಲ್ಲ ಯಾಕೆ? ಈಗ ನನಗೇ ಕಾಣತ್ತೆ."

"ಕಾಣ್ಲಿ. ಆದ್ರೆ ತಪ್ಪು ಹೊರಿಸೋಕೆ ಪಕ್ಕದಲ್ಲಿ ನಾನಿರಲ್ಲ."

ಮೆಕ್ಯಾನಿಕ್ ಕೀ ತಂದುಕೊಟ್ಟ. ಗಂಡ ಬಲಬಾಗಿಲು ತೆಗೆದು ಸ್ಟೀರಿಂಗ್ ಹಿಡಿದರು. ಆಕೆ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.