ಅಕ್ಕನ ಮಂಚದ ಕೆಳಗಿನ ಬಿಸ್ಕತ್ತು

ಪ್ರಾಣಿ ವೈದ್ಯರ ಬಾಗಿಲಲ್ಲಿ ನಾನು ಬೆಕ್ಕಿನ ಬುಟ್ಟಿ ಹಿಡಿದು ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಅವಳ ಮಡಿಲಲ್ಲಿದ್ದ ಎಳೆಯ ನಾಯಿಯ ಹೊಟ್ಟೆಯ ಕೂದಲೆಲ್ಲ ಉದುರಿತ್ತು. ಅದು ಕೆರೆದುಕೊಳ್ಳದಂತೆ ಅವಳು ಅದರ ಕಾಲು ಹಿಡಿದುಕೊಂಡಿದ್ದಳು.

“ಕೋಳಿ ಇದಕ್ಕೆ ಅಲರ್ಜಿ ಅಂತ ಡಾಕ್ಟ್ರು ಹೇಳಿದ್ದು ನಿಮ್ಮಕ್ಕನ ಎದುರಿಗೇ ತಾನೆ?”

“ಹೌದು.”

“ಮತ್ತೆ ಅವರ ಮಂಚದ ಕೆಳಗೆ ಕೋಳಿ ಬಿಸ್ಕತ್ತು ಯಾಕಿತ್ತು?”

“ಪ್ರೀತಿಯಿಂದ ಹಾಕಿರ್ತಾಳೆ ಕಣೇ.”

“ಪ್ರೀತಿನಾ? ಈ ಕಜ್ಜಿ ನಾಯೀನ ಎಲ್ಲಾದ್ರೂ ಬಿಟ್ಟು ಬಾ ಅಂತ ದಿನಾ ನಿಮ್ಮ ಕಿವೀಲಿ ಊದ್ತಿದ್ದಿದ್ದು ಯಾರು? ರಕ್ತ ಬರೋ ಹಾಗೆ ಕೆರ್ಕೊಂಡಿದೆ, ನೋಡಿ.”

ಅವನು ನೋಡಿದ.

“ಧೂಳಿಲ್ಲದ, ತಂಪಾದ ಕೋಣೇಲಿ ಮಲಗಿಸಿ ಅಂತ ಡಾಕ್ಟ್ರು ಅವತ್ತೇ ಅಂದಿದಾರೆ. ನಮ್ಮನೇಲಿ ಅಂಥದ್ದು ಒಂದೇ.”

“ಅದು ಅಕ್ಕನ ಕೋಣೆ!”

“ಆಗಿತ್ತು. ಅವರು ವಾಕಿಂಗ್ ಹೋದಾಗ ಸಾಮಾನೆಲ್ಲ ಹಾಲ್‌ನಲ್ಲಿ ಹಾಕಿ ಕೋಣೆಗೆ ಬೀಗ ಜಡಿದಿದೀನಿ.”

“ಅಯ್ಯೋ, ಏನೇ ಇದು! ಮನೇಲಿ ರಂಪ ಆಗುತ್ತೆ.”

“ಆಗ್ಲಿ. ಅದಕ್ಕೇ ಕಾಯ್ತಿದೀನಿ.”

ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

“ಅಕ್ಕಂದೇ.”

“ಎತ್ತಬೇಡಿ. ಅವರೂ ಸ್ವಲ್ಪ ಹೊತ್ತು ಮೈ ಪರಚ್ಕೊಳ್ಳಲಿ.”

ಅಷ್ಟರಲ್ಲಿ ಒಳಗಿನಿಂದ ಕರೆದರು. ಅವನು ಫೋನ್ ಆಫ್ ಮಾಡಿ, ನಾಯಿಯನ್ನು ತಾನೇ ಎತ್ತಿಕೊಂಡು ಅವಳ ಹಿಂದೆ ಹೋದ.