ನಿದ್ದೆಗೆಟ್ಟ ಹನ್ನೊಂದು ಗಿಡಗಳು

ಹೆಸರು: ಕೊರಿನ್ ಹ್ಯಾಲ್ವರ್ಸನ್, ಗಂಡನ ಹೆಸರು ಡೆಕ್ಲನ್ ಹ್ಯಾಲ್ವರ್ಸನ್, ವಯಸ್ಸು 28 ವರ್ಷ, ವಿದ್ಯಾಭ್ಯಾಸ ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ., ಕಸುಬು ಪರವಾನಗಿ ಪಡೆದು ಗಾಂಜಾ ಬೆಳೆಯುವುದು, ವಾಸ ಕ್ವೇಲ್ ಹಳ್ಳ ರಸ್ತೆ, ಆಲ್ಡರ್ ಫ್ಲಾಟ್, ಹಂಬೋಲ್ಟ್ ಕೌಂಟಿ, ಕ್ಯಾಲಿಫೋರ್ನಿಯ.

ಈ ದಿನ ದಿನಾಂಕ 9-8-2022ರಂದು ಬೆಳಿಗ್ಗೆ 10-40 ಗಂಟೆಗೆ ಆಲ್ಡರ್ ಫ್ಲಾಟ್ ಶೆರಿಫ್ ಉಪಠಾಣೆಗೆ ನಾನಾಗಿ ಬಂದು, ಡೆಪ್ಯುಟಿ ರೆನಾಟಾ ಕಿರೋಸ್ ಅವರ ಮುಂದೆ ಕುಳಿತು, ನನ್ನ ಕೈಯಾರೆ ಬರೆದು ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 6-8-2022ರಂದು ನಾನು ನೆರೆಯವರಾದ ಆರಿನ್ ಟ್ಯಾಕೆಟ್, ವಯಸ್ಸು 76, ಇವರ ಮೇಲೆ ಕೊಟ್ಟ ದೂರಿನಲ್ಲಿ ನಾನು ಕಣ್ಣಾರೆ ಕಂಡದ್ದು ನಿಜ, ತಿಳಿದುಕೊಂಡದ್ದು ತಪ್ಪು. ಆ ದೂರಿನ ವಿಚಾರಣೆ ನಾಡಿದ್ದು 11ನೇ ತಾರೀಖು ಇದೆ. ಕಳ್ಳತನವೆಂದಾದರೆ ಅವರ ಬೆಳೆಯ ಪರವಾನಗಿ ರದ್ದಾಗುತ್ತದೆ. ಅವರಿಗೆ ಬೇರೆ ಕಸುಬು ಗೊತ್ತಿಲ್ಲ. ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ನಾನು ಮತ್ತು ನನ್ನ ಗಂಡ ಮೂರು ವರ್ಷದ ಹಿಂದೆ ಸ್ಯಾಕ್ರಮೆಂಟೊದಿಂದ ಇಲ್ಲಿಗೆ ಬಂದೆವು. ಟ್ಯಾಕೆಟ್ ಅವರ ಮನೆ ನಮ್ಮ ಮನೆಯಿಂದ ಗುಡ್ಡದ ಮೇಲಕ್ಕೆ 400 ಗಜ ದೂರದಲ್ಲಿದೆ. ಅವರ ಜಗುಲಿಯಿಂದ, ಗಿಡ ಬೆಳೆಸಲು ಕಟ್ಟಿದ ನಮ್ಮ ಪ್ಲಾಸ್ಟಿಕ್ ಚಾವಣಿಯ ಬೆಳೆಮನೆಯ ಪಡುವಣ ಬಾಗಿಲು ನೇರವಾಗಿ ಕಾಣುತ್ತದೆ. ಅವರು ಸಾದಾ ಬೀಜದಿಂದ ಬೆಳೆಯುವವರು. ಅದರಲ್ಲಿ ಅರ್ಧ ಗಂಡು, ಅರ್ಧ ಹೆಣ್ಣು ಹುಟ್ಟುತ್ತವೆ; ಗಂಡನ್ನು ಮೊದಲೇ ಗುರುತಿಸಿ ಕೀಳದಿದ್ದರೆ ಪರಾಗ ಬಿದ್ದು, ಮಾರಾಟಕ್ಕೆ ಬೇಕಾದ ಹೆಣ್ಣಿನ ಹೂವೆಲ್ಲ ಬೀಜವಾಗಿ ಕೆಡುತ್ತದೆ. ಆ ಬೀಜ ಅವರ ಹೆಂಡತಿ ದಿವಂಗತ ಲುವೆಲ್ಲಾ ಅವರು ನಲವತ್ತು ವರ್ಷ ಕಾಪಾಡಿಕೊಂಡು ಬಂದದ್ದು. ಗಾಂಜಾ ಬೆಳೆಯುವುದು ಅಪರಾಧವಾಗಿದ್ದು, ಗಿಡ ಹುಡುಕುವ ಪೊಲೀಸ್ ಹೆಲಿಕಾಪ್ಟರ್‌ಗಳು ಗುಡ್ಡದ ಮೇಲೆ ಹಾರಾಡುತ್ತಿದ್ದ ಕಾಲದಲ್ಲಿ ಟ್ಯಾಕೆಟ್ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದಾಗ ಆಕೆ ಅದನ್ನು ಕಾಫಿ ಡಬ್ಬಿಯಲ್ಲಿ ಕೋಳಿಗೂಡಿನ ಕೆಳಗೆ ಹೂತಿಟ್ಟಿದ್ದರು.

ನಾವು ಕೊಳ್ಳುವುದು ಹೆಣ್ಣುಬೀಜ. ಹೆಣ್ಣು ಗಿಡವೊಂದಕ್ಕೆ ಬೆಳ್ಳಿಯ ದ್ರಾವಣ ಸಿಂಪಡಿಸಿ, ಅದರಿಂದಲೇ ಪರಾಗ ಬರಿಸಿ, ಇನ್ನೊಂದು ಹೆಣ್ಣಿಗೆ ಕೂಡಿಸಿ ಮಾಡಿದ ಬೀಜ ಅದು, ಬಿತ್ತಿದ್ದೆಲ್ಲ ಹೆಣ್ಣೇ. ಈ ವರ್ಷ ಮೇ 18ರಂದು ಸಸಿ ನೆಡುವಾಗ ಟ್ಯಾಕೆಟ್ ಬೇಲಿಯ ಹತ್ತಿರ ನಿಂತು, "ಏನಮ್ಮಾ ಕಾಲೇಜು, ಈ ವರ್ಷಾನೂ ಗಂಡ್ಸರಿಲ್ಲದ ಹಾಸ್ಟೆಲ್ಲೇನಾ?" ಎಂದು ಕೇಳಿದರು. ಗಂಡು ಹುಡುಕುವ ಕೆಲಸವೇ ಇಲ್ಲವೆಂದೂ, ಮಗು ಇರುವಾಗ ಅದೇ ದೊಡ್ಡ ಉಪಕಾರವೆಂದೂ ನಾನು ಹೇಳಿದೆ. ಅದಕ್ಕೆ ಅವರು, "ಬೀಜದ ಮೇಲೆ ನಂಬಿಕೆ ಇಟ್ಕೋ, ಬೇಡ ಅನ್ನಲ್ಲ. ಆದ್ರೆ ಕಣ್ಣಿಗೆ ರಜ ಕೊಡಬೇಡ" ಎಂದರು. ನಾನು ನಕ್ಕೆ. ಕಣ್ಣಿಗೆ ರಜ ಕೊಟ್ಟೆ.

ನನ್ನ ಮಗಳು ಮೇವಿಸ್ ಇದೇ ವರ್ಷ ಏಪ್ರಿಲ್ 2ರಂದು ಹುಟ್ಟಿದಳು. ಜುಲೈ 3ರಂದು ನನ್ನ ಗಂಡ ಕಾಡ್ಗಿಚ್ಚು ಆರಿಸುವ ತಂಡದ ಜತೆ ಉತ್ತರಕ್ಕೆ ಹೋದರು. ಅಲ್ಲಿ ಫೋನು ಸಿಗುವುದಿಲ್ಲ. ಅವರು ಬರುವುದು 12ನೇ ತಾರೀಖು.

ನಮ್ಮ ಬೆಳೆಮನೆ 96 ಅಡಿ ಉದ್ದ, 20 ಅಡಿ ಅಗಲ. ನಾಲ್ಕು ಸಾಲು, 144 ಗಿಡ. ಗಿಡ ಬೇಗ ಹೂ ಬಿಡಲೆಂದು ಜೂನ್ 12ರಿಂದ ಪ್ರತಿ ಸಂಜೆ 7-00 ಗಂಟೆಗೆ ಕಪ್ಪು ಪರದೆ ಎಳೆದು, ಬೆಳಿಗ್ಗೆ 7-00ಕ್ಕೆ ತೆಗೆಯುತ್ತೇವೆ. ಆ ಹನ್ನೆರಡು ಗಂಟೆ ಗಿಡಗಳಿಗೆ ರಾತ್ರಿ. ಹೊರಗೆ ಬಿಸಿಲಿದ್ದರೂ ಒಳಗೆ ಒಂದು ಗೆರೆ ಬೆಳಕು ಬೀಳಬಾರದು. ಇದನ್ನು ನಾನು ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ.

ಮಗು ಪ್ರತಿ ಸಂಜೆ 6-30ಕ್ಕೆ ಅಳಲು ಶುರು ಮಾಡಿದರೆ 10-00 ಗಂಟೆಯವರೆಗೆ ನಿಲ್ಲಿಸುತ್ತಿರಲಿಲ್ಲ. ಜುಲೈ 5ರಂದು ಸಂಜೆ 7-50ಕ್ಕೆ, ಫ್ಯಾನು ನಿಂತಿದೆಯೇನೋ ಎಂದು ನೋಡಲು ನಾನು ಮಗುವನ್ನು ಎದೆಗೆ ಕಟ್ಟಿಕೊಂಡು ಬೆಳೆಮನೆಯೊಳಗೆ ಹೋದೆ. ಫ್ಯಾನು ತಿರುಗುತ್ತಲೇ ಇತ್ತು. ಅದರ ಗುಂಯ್‌ಗುಡುವ ಸದ್ದಿಗೆ ಮಗು ಒಂದು ನಿಮಿಷದೊಳಗೆ ಅಳು ನಿಲ್ಲಿಸಿತು, ಐದು ನಿಮಿಷಕ್ಕೆ ಮಲಗಿತು. ನಾನೂ ಮಣ್ಣುಚೀಲದ ಮೇಲೆ ಕುಳಿತು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದೆ. ಅಂದಿನಿಂದ ಆಗಸ್ಟ್ 5ರವರೆಗೆ 32 ಸಂಜೆ ಹಾಗೆಯೇ ಮಾಡಿದೆ. ಮುಚ್ಚಿದ ಮನೆಯಲ್ಲಿ ಮಗುವಿಗೆ ಉಸಿರು ಕಟ್ಟೀತೆಂದು ಪಡುವಣ ಬಾಗಿಲಿನ ಪರದೆಯನ್ನು ಮೂರು ಅಡಿ ಎತ್ತಿ ಹಗ್ಗದಿಂದ ಕಟ್ಟಿ ಇಡುತ್ತಿದ್ದೆ. ಆ ಹೊತ್ತಿಗೆ ಸೂರ್ಯ ಎದುರು ಗುಡ್ಡದ ಮೇಲಿರುತ್ತಿದ್ದ. ಬಿಸಿಲು ನನ್ನ ಪಾದದ ಮೇಲೆ ಬೀಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಬೆಚ್ಚಗಿರುತ್ತಿತ್ತು. ಅದು ಗಿಡಗಳ ಮೇಲೂ ಬೀಳುತ್ತಿದೆಯೆಂದು ಒಂದು ದಿನವೂ ಹೊಳೆಯಲಿಲ್ಲ.

ಜುಲೈ 22ರಂದು ಬಾಗಿಲಿಗೂ ಮೊದಲ ಗಿಡಗಳಿಗೂ ನಡುವೆ ಒಂದು ಕಂದು ಕಂಬಳಿ ತೂಗುಬಿದ್ದಿತ್ತು. ಗಂಡ ಹೋಗುವ ಮೊದಲು ಯಾವಾಗಲೋ ಕಟ್ಟಿರಬೇಕು, ನಾನೇ ಗಮನಿಸಿಲ್ಲ ಎಂದುಕೊಂಡೆ. ಗಾಳಿಗೆ ಅಡ್ಡವಾಗುತ್ತದೆಂದು ಅದನ್ನು ಸರಿಸಿ ಎರಡು ಬಟ್ಟೆ ಕ್ಲಿಪ್ಪು ಹಾಕಿದೆ.

ಆಗಸ್ಟ್ 3ರಂದು ಮಧ್ಯಾಹ್ನ 2-00 ಗಂಟೆಗೆ ಮೊದಲ ಸಾಲಿನ ಹೂವೊಂದರಲ್ಲಿ ನಾಲ್ಕು ಹಸಿರು ಬೀಜ ಸಿಕ್ಕಿದವು. ಹೆಣ್ಣುಬೀಜದ ಗಿಡಕ್ಕೆ ಪರಾಗ ಹೊರಗಿನಿಂದಲೇ ಬರಬೇಕೆಂದು ನಾನು ತೀರ್ಮಾನಿಸಿದೆ. ಟ್ಯಾಕೆಟ್ ಬೀಜಕ್ಕೆಂದು ಎರಡು ಗಂಡು ಗಿಡ ಇಟ್ಟುಕೊಳ್ಳುವುದು ಎಲ್ಲರಿಗೂ ಗೊತ್ತು. ಆಗಸ್ಟ್ 4ರಂದು ಬೆಳಿಗ್ಗೆ 11-15ಕ್ಕೆ ಅಂಚೆಪೆಟ್ಟಿಗೆಗಳ ಹತ್ತಿರ ಅವರನ್ನು ನಿಲ್ಲಿಸಿ, ಗಂಡು ಗಿಡಗಳನ್ನು ಹೊರಗೆ ಬಿಟ್ಟಿದ್ದೀರಾ ಎಂದು ಕೇಳಿದೆ. ಅವರು, "ನನ್ ಗಂಡುಗಳು ಶೆಡ್ಡಲ್ಲಿ ಕೂತು ರೇಡಿಯೊ ಕೇಳ್ತಾವೆ ಕಣಮ್ಮ. ನಿನ್ ಮನೆ ಹೆಣ್ಮಕ್ಕಳ ತಂಟೆಗೆ ಬಂದಿಲ್ಲ" ಎಂದರು. ನಮ್ಮಲ್ಲಿರುವುದೆಲ್ಲ ಹೆಣ್ಣೇ, ಹಾಗಾದರೆ ಬೀಜ ಎಲ್ಲಿಂದ ಬಂತು ಎಂದು ನಾನು ಜೋರಾಗಿ ಕೇಳಿದೆ. ಅವರು ಮಗುವಿನ ಕಡೆ ನೋಡಿ, "ಹೆಣ್ಣೇ, ಇಲ್ಲ ಅಂದವರ್ಯಾರು? ಹೆಣ್ಣು ಹೆದರಿದ್ರೆ, ನಿದ್ದೆಗೆಟ್ರೆ, ತಾನೇ ಗಂಡೂ ಆಗ್ತಾಳೆ. ವಂಶ ಉಳೀಬೇಕಲ್ಲ. ಅವಳ ತಪ್ಪೇನಿದೆ?" ಎಂದರು. ಗಂಡ ಊರಲ್ಲಿಲ್ಲದೆ ಒಬ್ಬಳೇ ಒದ್ದಾಡುತ್ತಿರುವ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ತಿಳಿದು, ನಾನು ಅಲ್ಲಿಂದ ಹೊರಟುಬಂದೆ. ಮನೆಗೆ ಬಂದು ಅತ್ತುಬಿಟ್ಟೆ. ಇದು ದೂರಿಗೆ ಸಂಬಂಧಪಟ್ಟದ್ದಲ್ಲ, ಆದರೆ ದೂರು ಹುಟ್ಟಿದ್ದು ಅಲ್ಲಿ.

ಆಗಸ್ಟ್ 6ರಂದು ಬೆಳಿಗ್ಗೆ 6-20ಕ್ಕೆ ಟ್ಯಾಕೆಟ್ ಹಣೆಗೆ ಹಸಿರು ದೀಪ ಕಟ್ಟಿಕೊಂಡು, ದೊಡ್ಡ ಕಾಗದದ ಚೀಲ ಹೊತ್ತು ನಮ್ಮ ಬೆಳೆಮನೆಯಿಂದ ಹೊರಗೆ ಬಂದದ್ದನ್ನು ಅಡಿಗೆಮನೆಯ ಕಿಟಕಿಯಿಂದ ಕಂಡೆ. ಒಳಗೆ ಹೋಗಿ ಎಣಿಸಿದಾಗ ಹನ್ನೊಂದು ಗಿಡ ಬುಡಸಮೇತ ಇರಲಿಲ್ಲ. 6-45ಕ್ಕೆ ಠಾಣೆಗೆ ಫೋನು ಮಾಡಿದೆ. ಡೆಪ್ಯುಟಿ 8-20ಕ್ಕೆ ಅವರ ಮನೆಗೆ ಹೋದಾಗ ಚೀಲ ಜಗುಲಿಯ ಮೇಲೇ ಇತ್ತು, ಅವರು ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದರು. ಕಿತ್ತದ್ದು ನೀವೇನಾ ಎಂದದ್ದಕ್ಕೆ "ಹೌದು" ಎಂದರು. ಯಾಕೆ ಎಂದದ್ದಕ್ಕೆ ಬಾಯಿ ಬಿಡಲಿಲ್ಲ. ಅವರನ್ನು ಠಾಣೆಗೆ ಕರೆತಂದು ಐದು ಗಂಟೆ ಕೂರಿಸಿದ ನಂತರ ಬಿಟ್ಟರೆಂದು ಆಮೇಲೆ ತಿಳಿಯಿತು.

ನಿನ್ನೆ, ಆಗಸ್ಟ್ 8ರಂದು ಮಧ್ಯಾಹ್ನ 1-30ಕ್ಕೆ, ವಶಪಡಿಸಿಕೊಂಡ ಗಿಡಗಳನ್ನು ಗುರುತಿಸಲು ನನ್ನನ್ನು ಕರೆಸಿದರು. ಚೀಲ ಬಿಚ್ಚಿದಾಗ ಪ್ರತಿ ಗಿಡವನ್ನೂ ಒದ್ದೆ ಮಾಡಿ ಹಳೆಯ ಪತ್ರಿಕೆಯಲ್ಲಿ ಸುತ್ತಿಡಲಾಗಿತ್ತು. ಕದ್ದವರು ಗಿಡ ಒದ್ದೆ ಮಾಡುವುದಿಲ್ಲ, ಬೂಜು ಬರುತ್ತದೆ. ಪರಾಗ ಹಾರದಂತೆ ಕೊಲ್ಲಬೇಕೆನ್ನುವವರು ಮಾತ್ರ ನೀರು ಸಿಂಪಡಿಸುತ್ತಾರೆ. ಒಂದೊಂದು ಕಾಂಡಕ್ಕೂ ಅಂಟುಪಟ್ಟಿ ಹಚ್ಚಿ ಪೆನ್ಸಿಲಿನಲ್ಲಿ "ಸಾಲು 1, ಗಿಡ 3, ಜುಲೈ 20ರಿಂದ ಆರಿಸಿದ್ದು, ಇನ್ನಾಗದು" ಎಂಬ ಬಗೆಯಲ್ಲಿ ಬರೆದಿತ್ತು. ನಾನು ಭೂತಗನ್ನಡಿ ಹಿಡಿದು ನೋಡಿದೆ. ಹೆಣ್ಣು ಹೂವಿನ ಬಿಳಿ ಎಳೆಗಳ ನಡುವೆ ಎಳೆ ಬಾಳೆಕಾಯಿಯ ಚಿಪ್ಪಿನಂತೆ ಹಳದಿ ಕೇಸರಗಳು ಹೊರಟಿದ್ದವು. ಹನ್ನೊಂದೂ ದ್ವಿಲಿಂಗಿಗಳು, ಕತ್ತಲು ಕೆಟ್ಟು ತಾವೇ ಗಂಡೂ ಆದ ಹೆಣ್ಣುಗಳು. ಹನ್ನೊಂದೂ ಪಡುವಣ ಬಾಗಿಲಿನಿಂದ ಒಂಬತ್ತು ಅಡಿಯೊಳಗಿನವು. ಬಿಸಿಲಿನ ಗೆರೆ ಎಲ್ಲಿಯವರೆಗೆ ಬರುತ್ತಿತ್ತೋ ಅಲ್ಲಿಯವರೆಗಿನವು.

ಅಲ್ಲಿಂದ ಮಗುವಿನೊಂದಿಗೆ ನೇರವಾಗಿ 3-30ಕ್ಕೆ ಟ್ಯಾಕೆಟ್ ಅವರ ಮನೆಗೆ ಹೋದೆ. ಅವರು ಬಾಗಿಲು ತೆಗೆದು ಮೊದಲು ಕೇಳಿದ್ದು, "ಕೂಸು ಸಂಜೆ ಮಲಗ್ತಾ ಇದೆಯಾ?" ಎಂದು. ಎರಡು ಸಂಜೆಯಿಂದ ಇಲ್ಲ, ನಾನು ಬೆಳೆಮನೆಯೊಳಗೆ ಹೋಗುವುದನ್ನು ಬಿಟ್ಟಿದ್ದೇನೆ ಎಂದೆ. "ಅದಕ್ಕೇ ಗುಡ್ಡಕ್ಕೆಲ್ಲ ಕೇಳ್ತಿತ್ತು" ಎಂದರು. ಪರದೆ ಎತ್ತುತ್ತಿದ್ದುದು ನಿಮಗೆ ಗೊತ್ತಿತ್ತೇ ಎಂದು ಕೇಳಿದ್ದಕ್ಕೆ, ಜಗುಲಿಯಿಂದ ಕಾಣುತ್ತಿತ್ತೆಂದೂ, ಮೂರನೇ ದಿನವೇ ತಿಳಿಯಿತೆಂದೂ, ಕಂಬಳಿ ಕಟ್ಟಿದ್ದು ತಾವೇ ಎಂದೂ, "ನೀನು ಅದಕ್ಕೂ ಕ್ಲಿಪ್ ಹಾಕ್ದೆ, ಪುಣ್ಯಾತ್ಗಿತ್ತಿ" ಎಂದೂ ಹೇಳಿದರು. ಜುಲೈ 20ರಿಂದ ಎರಡು ದಿನಕ್ಕೊಮ್ಮೆ ಬೆಳಗಿನ ಜಾವ, ಗಿಡಕ್ಕೆ ಎಚ್ಚರವಾಗದ ಹಸಿರು ದೀಪದಲ್ಲಿ, ಚಿಮುಟದಿಂದ ಗಂಡು ಕೇಸರಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದರಂತೆ. ಈ ಹನ್ನೊಂದು ಕೈಮೀರಿದವೆಂದು, ಉಳಿದ 133 ಗಿಡ ಉಳಿಯಲಿ ಎಂದು ಕಿತ್ತರಂತೆ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ನೀನು ಪರದೆ ಮುಚ್ತಿದ್ದೆ. ಗಿಡ ಹೋದ್ರೆ ಮುಂದಿನ ವರ್ಷ ಗಿಡ ಬರುತ್ತೆ. ಆ ಇಪ್ಪತ್ತು ನಿಮಿಷದ ನಿದ್ದೆ ನಿಂಗೆ ಯಾರು ಕೊಡ್ತಿದ್ರು, ನಿನ್ ಡಿಗ್ರಿನಾ?" ಎಂದರು. ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಈ ಗುಡ್ಡದಲ್ಲಿ ಹಿಂದಿನಿಂದ ಒಂದು ಪದ್ಧತಿ ಇದೆಯೆಂದರು. ಯಾರ ಮನೆಯಲ್ಲಾದರೂ ಹೆರಿಗೆಯಾದರೆ ನೆರೆಯವರು ಹೇಳದೆ ಕೇಳದೆ ಅವರ ಗಿಡದ ಸಾಲು ನಡೆದು ಗಂಡು ಕಿತ್ತು ಬರುವುದು. ಆ ಮನೆಯವರು ನೋಡಿಯೂ ನೋಡದಂತಿರುವುದು. ಮತ್ತೊಬ್ಬರ ಗಿಡದ ವಿಷಯ ಪೊಲೀಸರ ಮುಂದೆ ಸತ್ತರೂ ಆಡದಿರುವುದು. ಅವರ ಮಗ ಹುಟ್ಟಿದಾಗ ಲುವೆಲ್ಲಾ ಅವರ ಸಾಲನ್ನು ಮೂವರು ನಡೆದಿದ್ದರಂತೆ, ಅವರು ಯಾರೆಂದು ಇಂದಿಗೂ ಗೊತ್ತಿಲ್ಲವಂತೆ. ಈಗ ಕಾನೂನು ಬದಲಾಗಿದೆಯಲ್ಲ ಎಂದೆ. "ಕಾನೂನು ಬದಲಾಯ್ತು. ನನ್ ಬಾಯಿ ಹಳೇದು" ಎಂದರು. ಕಪ್ಪುಬೆರಿ ಮುರಬ್ಬ ಹಚ್ಚಿದ ಎರಡು ಬಿಸ್ಕತ್ತು ಕೊಟ್ಟು, ನಾನು ತಿನ್ನುವವರೆಗೆ ಮಗುವನ್ನು ಎತ್ತಿಕೊಂಡರು.

ಕಳೆದ ರಾತ್ರಿ ನಾನು ಈ ಹೇಳಿಕೆಯನ್ನು ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಮಗುವಿನ ಮಾತು ಬಿಟ್ಟು ಬರೆದೆ. ಮಗುವನ್ನು ಬೆಳೆಮನೆಯೊಳಗೆ ಒಯ್ದೆನೆಂದು ಪೊಲೀಸ್ ಕಾಗದದಲ್ಲಿ ಬಂದರೆ ಯಾರಾದರೂ ಬಂದು ಕೇಳಿಯಾರು, ಕರೆದುಕೊಂಡು ಹೋದಾರು ಎಂಬ ಭಯ ನನಗಿದೆ. ಆದರೆ ಮಗುವನ್ನು ಬಿಟ್ಟರೆ ಪರದೆ ಎತ್ತಿದ ಕಾರಣ ಸಿಗುವುದಿಲ್ಲ, ಬೆಳಕಿನ ಕಾರಣ ಸಿಗುವುದಿಲ್ಲ, ಟ್ಯಾಕೆಟ್ ಕಳ್ಳರಾಗಿಯೇ ಉಳಿಯುತ್ತಾರೆ. ಆದ್ದರಿಂದ ಐದನೆಯ ಸಲ ಇದನ್ನು ಪೂರ್ತಿ ಬರೆದಿದ್ದೇನೆ. ಮಗುವಿನ ಬಗ್ಗೆ ಪ್ರಶ್ನೆ ಇದ್ದರೆ ನನ್ನನ್ನು ಕೇಳಬೇಕು, ನಾನು ಹಾಜರಿದ್ದೇನೆ. ಅವರು ನನ್ನ ಅನುಮತಿಯಿಲ್ಲದೆ ಒಳಗೆ ಬಂದರೆಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಈ ಊರಿನ ಲೆಕ್ಕದಲ್ಲಿ ಮಗು ಹುಟ್ಟಿದ ಏಪ್ರಿಲ್ 2ರಂದೇ ಅನುಮತಿ ಕೊಟ್ಟಾಗಿತ್ತು, ಕೊಟ್ಟದ್ದು ನನಗೆ ಗೊತ್ತಿರಲಿಲ್ಲ ಅಷ್ಟೆ.

ನಾನು ಬರೆಯಲು ಕುಳಿತಾಗ ಮಗು, ಅದನ್ನು ನೋಡಿಕೊಳ್ಳಲೆಂದು ನನ್ನ ಜತೆ ಬಂದಿದ್ದ ಟ್ಯಾಕೆಟ್ ಅವರ ಕೈಯಲ್ಲಿ ಹೊರಗಿನ ಬೆಂಚಿನ ಮೇಲಿತ್ತು, ಅಳುತ್ತಿತ್ತು. 11-25ಕ್ಕೆ ಅಳು ನಿಂತಿತು. ಗಾಬರಿಯಾಗಿ ಬಾಗಿಲು ತೆಗೆದು ನೋಡಿದೆ. ಅವರು ಮಗುವನ್ನು ಎದೆಗೊತ್ತಿಕೊಂಡು ಬೆಂಚಿನ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಬಾಯಿ ಮುಚ್ಚಿ, ಗಂಟಲಿನಲ್ಲಿ ನಮ್ಮ ಬೆಳೆಮನೆಯ ಫ್ಯಾನಿನ ಸದ್ದು ಮಾಡುತ್ತಿದ್ದರು. ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ನನ್ನನ್ನು ಕಂಡು, ಹೋಗು, ಬರಿ ಎಂದು ಕೈಸನ್ನೆ ಮಾಡಿದರು.

ಮೇಲೆ ಬರೆದದ್ದು ನನ್ನ ತಿಳಿವಳಿಕೆಗೆ ಬಂದಷ್ಟು ನಿಜ, ಯಾರ ಒತ್ತಾಯವೂ ಇಲ್ಲ. ಡೆಪ್ಯುಟಿ ಇದನ್ನು ನನಗೆ ಓದಿ ಹೇಳುವ ಹೊತ್ತಿಗೆ ಮಗು ಮಲಗಿದ್ದರಿಂದ ಮೆಲುದನಿಯಲ್ಲಿ ಓದಲು ಕೋರಿಕೊಂಡೆ. ಅದರಂತೆ ಪಿಸುದನಿಯಲ್ಲಿ ಓದಲಾಯಿತು. ಕೇಳಿದೆ, ಸರಿಯಿದೆ.

ಸ್ಥಳ: ಆಲ್ಡರ್ ಫ್ಲಾಟ್
ದಿನಾಂಕ: 9-8-2022, ಮಧ್ಯಾಹ್ನ 12-10 ಗಂಟೆ
ಸಹಿ: ಕೊರಿನ್ ಹ್ಯಾಲ್ವರ್ಸನ್